ಮೊಮ್ಮಗಳ ಅಮೆರಿಕ, ಮೇಷ್ಟ್ರ ಓದು

ತಿಪಟೂರಿನಿಂದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಮೇ ತಿಂಗಳಲ್ಲಿ ಮತ್ತೆ ನ್ಯೂಜೆರ್ಸಿಗೆ, ಮಗಳ ಮನೆಗೆ ಹೊರಟಿದ್ದೇನೆ. ಹೋದ ಸಲ ನಯಾಗರ, ಮಾಲು, ದೇವಸ್ಥಾನ ಎಲ್ಲ ಆಯಿತು. ಎಂಟು ವರ್ಷದ ಮೊಮ್ಮಗಳು 'ತಾತ, ನಾನು ಅಮೆರಿಕನ್' ಅಂದಳು. ಹಾಗಂದರೇನು ಅಂತ ತಿಳಿಯಲು ಅಧ್ಯಕ್ಷರೊಬ್ಬರ ದಪ್ಪ ಜೀವನಚರಿತ್ರೆ ಕೊಂಡೆ. ಅರವತ್ತನೇ ಪುಟಕ್ಕೇ ನಿದ್ದೆ. ಏನು ಓದಲಿ?"

ಮೇಷ್ಟ್ರೇ, ನಿದ್ದೆ ಬಂದದ್ದು ನಿಮ್ಮ ತಪ್ಪಲ್ಲ. ಅಧ್ಯಕ್ಷರಿಂದ ಶುರು ಮಾಡುವುದು ಅರಮನೆ ನೋಡಿಕೊಂಡು ಬಂದು ಮೈಸೂರು ನೋಡಿದೆ ಅಂದ ಹಾಗೆ. ಅಮೆರಿಕನ್ ಅಂದರೆ ಯಾರು ಅಂತ ಜಾಸ್ತಿ ತಲೆ ಕೆಡಿಸಿಕೊಂಡವರು, 'ನೀನು ನಮ್ಮವನಲ್ಲ' ಅನ್ನಿಸಿಕೊಂಡು ಬಾಗಿಲ ಹೊರಗೆ ನಿಂತವರು. ನಾನಾದರೆ ಅವರಿಂದ ಶುರು ಮಾಡುತ್ತೇನೆ.

ಮೊದಲು ಫ್ರೆಡರಿಕ್ ಡಗ್ಲಸ್ 1845ರಲ್ಲಿ ಪ್ರಕಟಿಸಿದ ಆತ್ಮಕಥೆ. ಚಿಕ್ಕದು, ಎರಡು ಮೂರು ಸಂಜೆಗೆ ಮುಗಿಯುತ್ತದೆ. ಮೇರಿಲ್ಯಾಂಡಿನಲ್ಲಿ ಗುಲಾಮನಾಗಿ ಹುಟ್ಟಿದ ಹುಡುಗ. ಬಾಲ್ಟಿಮೋರಿನಲ್ಲಿ ಮನೆಯೊಡತಿ ಎಬಿಸಿಡಿ ಹೇಳಿಕೊಡತೊಡಗಿದಳು. ಓದು ಬಂದರೆ ಗುಲಾಮ ಕೆಟ್ಟುಹೋಗುತ್ತಾನೆ ಅಂತ ಗಂಡ ನಿಲ್ಲಿಸಿದ. ಹುಡುಗ ಏನು ಮಾಡಿದ ಗೊತ್ತಾ? ಯಾವುದಾದರೂ ಕೆಲಸಕ್ಕೆ ಹೊರಗೆ ಕಳಿಸಿದಾಗ ಬ್ರೆಡ್ಡು ಇಟ್ಟುಕೊಂಡು ಹೋಗಿ, ಬೀದಿಯ ಬಡ ಬಿಳಿ ಹುಡುಗರಿಗೆ ಕೊಟ್ಟು ಪಾಠ ಹೇಳಿಸಿಕೊಂಡ. ಹಡಗು ಕಟ್ಟುವ ಜಾಗದಲ್ಲಿ ಬಡಗಿಗಳು ಮರದ ತುಂಡಿನ ಮೇಲೆ ಎಡಬದಿಗೆ 'ಎಲ್', ಬಲಬದಿಗೆ 'ಎಸ್' ಅಂತ ಗುರುತು ಹಾಕುತ್ತಿದ್ದರು. ಅದನ್ನು ನೋಡಿ ಬರೆಯಲು ಕಲಿತ. ಆಮೇಲೆ ಹುಡುಗರ ಹತ್ತಿರ ಪಂದ್ಯ: ನಿನ್ನಷ್ಟೇ ಚೆನ್ನಾಗಿ ನನಗೂ ಬರೆಯಕ್ಕೆ ಬರುತ್ತೆ ಅನ್ನುವುದು. ಅವರು ಹುರುಪಿನಲ್ಲಿ ಬರೆದು ತೋರಿಸಿದ ಅಕ್ಷರವೆಲ್ಲ ಇವನಿಗೆ ಬಿಟ್ಟಿ ಪಾಠ. ಬೇಲಿ, ಗೋಡೆ, ರಸ್ತೆಯೇ ಸ್ಲೇಟು. ಮಕ್ಕಳ ಕೈ ಹಿಡಿದು ತಿದ್ದಿಸಿದ ನಿಮಗೆ ಇಲ್ಲಿ ನಿದ್ದೆ ಬರಲಿಕ್ಕಿಲ್ಲ.

1838ರಲ್ಲಿ ತಪ್ಪಿಸಿಕೊಂಡಿದ್ದರೂ, ಪುಸ್ತಕ ಬಂದಾಗ ಕಾನೂನಿನ ಲೆಕ್ಕದಲ್ಲಿ ಆತ ಇನ್ನೂ ಯಾರದೋ ಆಸ್ತಿ. ಒಡೆಯರ ಹೆಸರನ್ನೂ ಅದರಲ್ಲಿ ಬರೆದಿದ್ದ! ಹಿಡಿದಾರೆಂದು ಬ್ರಿಟನ್ನಿಗೆ ಹೋಗಬೇಕಾಯಿತು. ಅಲ್ಲಿನ ಗೆಳೆಯರು ಹಣ ಕೂಡಿಸಿ, ಒಡೆಯನಿಗೆ ಕೊಟ್ಟು ಗುಲಾಮಗಿರಿಯಿಂದ ಬಿಡಿಸಿದರು.

ಆಮೇಲೆ ಇಸಬೆಲ್ ವಿಲ್ಕರ್ಸನ್ ಅವರ 'ದಿ ವಾರ್ಮ್ತ್ ಆಫ್ ಅದರ್ ಸನ್ಸ್'. ಇದೂ ದಪ್ಪವೇ, ಆದರೆ ಕಾದಂಬರಿಯ ಹಾಗೆ ಓಡುತ್ತದೆ. 1915ರಿಂದ 1970ರವರೆಗೆ ಸುಮಾರು 60 ಲಕ್ಷ ಕಪ್ಪು ಜನ ದಕ್ಷಿಣದ ರಾಜ್ಯಗಳನ್ನು ಬಿಟ್ಟು ಹೋದರು. ಅವರಲ್ಲಿ ಮೂವರ ಕಥೆ. ಒಬ್ಬರು ಡಾಕ್ಟರು, ಸೈನ್ಯದಲ್ಲಿ ಸರ್ಜನ್ ಆಗಿದ್ದವರು. 1953ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಕಾರು ಓಡಿಸಿಕೊಂಡು ಹೊರಟರೆ ಅರಿಜೋನಾದ ಮೋಟೆಲುಗಳಲ್ಲಿ ರೂಮು ಕೊಡಲಿಲ್ಲ. ನಿದ್ದೆಗಣ್ಣಲ್ಲೇ ಮರುಭೂಮಿ ದಾಟಿದರು.

ಮೂಲನಿವಾಸಿಗಳ ಬಗ್ಗೆ ಡೀ ಬ್ರೌನ್ 1970ರಲ್ಲಿ ಬರೆದ 'ಬರಿ ಮೈ ಹಾರ್ಟ್ ಅಟ್ ವೂಂಡೆಡ್ ನೀ' ಪುಸ್ತಕವನ್ನೇ ಎಲ್ಲರೂ ಹೇಳುತ್ತಾರೆ. ಒಳ್ಳೆಯದೇ, ಆದರೆ ವೂಂಡೆಡ್ ನೀ ಅನ್ನುವ ಜಾಗದಲ್ಲಿ ಅಮೆರಿಕದ ಸೈನ್ಯ ಮೂಲನಿವಾಸಿಗಳನ್ನು ಕೊಂದ 1890ರ ಹತ್ಯಾಕಾಂಡಕ್ಕೆ ನಿಂತುಬಿಡುತ್ತದೆ, ಆ ಜನ ಅಲ್ಲಿಗೇ ಮುಗಿದರು ಅನ್ನುವ ಹಾಗೆ. ಒಜಿಬ್ವೆ ಸಮುದಾಯದ ಡೇವಿಡ್ ಟ್ರೂಯರ್ 2019ರಲ್ಲಿ ಬರೆದ 'ದಿ ಹಾರ್ಟ್‌ಬೀಟ್ ಆಫ್ ವೂಂಡೆಡ್ ನೀ' ಅಲ್ಲಿಂದ ಮುಂದಿನ ಕಥೆ. ಎರಡನ್ನೂ ಜೊತೆಗಿಟ್ಟು ಓದಿ.

'ಅಮೆರಿಕದಲ್ಲಿ ಗೊರೂರು' ನೀವು ಓದಿಯೇ ಇರುತ್ತೀರಿ. ನನಗೆ ಇವತ್ತಿಗೂ ಇಷ್ಟ. ಆದರೆ ಅದು ನೆಂಟರ ಮನೆಗೆ ಹೋಗಿ ಬಂದವರ ನೋಟ, ಅಲ್ವಾ? ಅಲ್ಲೇ ನೆಲೆ ನಿಲ್ಲಲು ಹೋದ ನಮ್ಮವರ ಕಥೆ ಬೇರೆ. ಹೊರಗಿನಿಂದ ಬಂದವರಲ್ಲಿ ಬಿಳಿಯರಿಗೆ, ಆಫ್ರಿಕಾ ಮೂಲದವರಿಗೆ ಮಾತ್ರ ಪೌರತ್ವ ಅನ್ನುವ ಕಾನೂನು ಆಗ ಅಲ್ಲಿತ್ತು. ಭಗತ್ ಸಿಂಗ್ ಥಿಂಡ್ ಅಮೆರಿಕದ ಸೈನ್ಯದಲ್ಲಿ ಇದ್ದವರು. ಆದರೂ 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಸಾಮಾನ್ಯ ಜನರ ಕಣ್ಣಿಗೆ ಇವರು ಬಿಳಿಯರಲ್ಲ, ಪೌರತ್ವ ಇಲ್ಲ ಅಂದಿತು. ಅಲ್ಲೇ ಹುಟ್ಟಿದ ಮೊಮ್ಮಗಳಿಗೆ ಆಗಲೂ ತೊಂದರೆ ಇರುತ್ತಿರಲಿಲ್ಲ. ನಿಮ್ಮ ಮಗಳಿಗೆ ಇರುತ್ತಿತ್ತು. ಭಾರತೀಯರ ಮಟ್ಟಿಗೆ ಆ ಕಾನೂನು ಬದಲಾದದ್ದು 1946ರಲ್ಲಿ.

ಸುಮ್ನೆ ದುಡ್ಡು ಹಾಕಬೇಡಿ. ಪುಸ್ತಕದಂಗಡಿಯಲ್ಲಿ ಮುಂದೆ ಜೋಡಿಸಿಟ್ಟಿರುವುದು ಹೊಸದಾಗಿ ಬಂದದ್ದು, ಅಷ್ಟೇ. ಮಗಳ ಊರಿನ ಲೈಬ್ರರಿಗೆ ಹೋಗಿ, ಅವಳ ಕಾರ್ಡಿನಲ್ಲಿ ತನ್ನಿ. ಅಲ್ಲಿಲ್ಲದ ಪುಸ್ತಕ ಬೇಕಿದ್ದರೆ ಕೌಂಟರಿನಲ್ಲಿ 'ಇಂಟರ್‌ಲೈಬ್ರರಿ ಲೋನ್' ಅಂತ ಕೇಳಿ, ಬೇರೆ ಲೈಬ್ರರಿಯಿಂದ ತರಿಸುತ್ತಾರೆ.

ಡಗ್ಲಸ್‌ಗೆ ಮಾತ್ರ ಮೇವರೆಗೆ ಕಾಯಬೇಕಿಲ್ಲ. ಪ್ರಾಜೆಕ್ಟ್ ಗುಟೆನ್‌ಬರ್ಗ್ ಅನ್ನುವ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ, ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡು ತಿಪಟೂರಲ್ಲೇ ಓದಿ. ಬ್ರೆಡ್ಡಿನ ಕಥೆಯನ್ನು ಮೊಮ್ಮಗಳಿಗೆ ಬಾಯಲ್ಲೇ ಹೇಳಿ, ಕನ್ನಡದಲ್ಲಿ.

– ಸಂ.