ಲೆಕ್ಕ ಇಟ್ಟವರನ್ನೇ ಕೇಳಿ

ಪ್ರಶ್ನೆ: ನಮ್ಮದು ಉಡುಪಿ ಹತ್ತಿರದ ಹಳೇ ಮನೆ. ಜೂನ್‌ನಲ್ಲಿ ಗಂಡ ಒಂದು ನಾಯಿಮರಿ ತಂದರು. ಬೊಳ್ಳು ಅಂತ ಹೆಸರು, ಈಗ 3 ತಿಂಗಳು. ದಿನಕ್ಕೆ ಏಳೆಂಟು ಸಲ ಚಾವಡಿಯಲ್ಲೇ ಉಚ್ಚೆ ಹೊಯ್ಯುತ್ತದೆ, ಅದೂ ದೇವರ ಕೋಣೆ ಬಾಗಿಲಲ್ಲಿ. ಮಳೆಗೆ ಹೊರಗೆ ಬಿಟ್ಟರೆ ಸುಮ್ನೆ ನಿಲ್ಲುತ್ತದೆ, ಒಳಗೆ ಬಂದ ಕೂಡಲೇ ಹೊಯ್ಯುತ್ತದೆ. ಮೂತಿ ತಿಕ್ಕಿ ಬೈದದ್ದಾಯಿತು, ಹೊಡೆದದ್ದಾಯಿತು. ಈಗ ಗಂಡ ಕೆಲಸದಿಂದ ಬಂದು ಹತ್ತಿರ ಹೋದರೂ ಹೊಯ್ಯುತ್ತದೆ. ನಾನೂ ಕೆಲಸಕ್ಕೆ ಹೋಗುವವಳು. ‘ನಾಯಿ ಇರಬೇಕಾ, ನಾನಿರಬೇಕಾ’ ಅಂತಾರೆ ಅತ್ತೆ. ಮಗಳು ಅಳುತ್ತಾಳೆ. ಯಾರಿಗಾದರೂ ಕೊಟ್ಟುಬಿಡಲಾ?

ಉತ್ತರ: ಈಗಲೇ ಬೇಡ. ಮೊದಲು ಒಂದು ಮಾತು ಕೇಳುತ್ತೇನೆ. ಹಗಲಿಡೀ ನೀವಿಬ್ಬರೂ ಮನೆಯಲ್ಲಿಲ್ಲ. ಹಾಗಾದರೆ ಏಳೆಂಟು ಸಲ ಎಂಬ ಲೆಕ್ಕ ಯಾರದ್ದು? ಅತ್ತೆಯದ್ದೇ ಅಲ್ವಾ? ಬೊಳ್ಳು ಯಾವಾಗ ಏಳುತ್ತದೆ, ಯಾವಾಗ ಮೂಸುತ್ತಾ ಸುತ್ತುತ್ತದೆ ಅಂತ ಆ ಮನೆಯಲ್ಲಿ ಸರಿಯಾಗಿ ಗೊತ್ತಿರುವುದು ಅವರಿಗೊಬ್ಬರಿಗೆ.

ಈ ಪ್ರಾಯದ ಮರಿ ಮಲಗಿದಾಗ ಹೆಚ್ಚೆಂದರೆ ಮೂರ್ನಾಲ್ಕು ಗಂಟೆ ತಡೆದೀತು. ಎಚ್ಚರವಿದ್ದು ಆಡುವಾಗ ಒಂದು ಗಂಟೆಯೂ ಕಷ್ಟ. ಎದ್ದ ಕೂಡಲೇ, ತಿಂದ ಮೇಲೆ, ಆಟದ ಮಧ್ಯೆ ಒಮ್ಮೆಲೇ ನೆಲ ಮೂಸತೊಡಗಿದಾಗ ಹೊರಗೆ ಒಯ್ಯಬೇಕು. ನೀವು ಪ್ರಾಯಶಃ ಅದು ಹೊಯ್ದ ಮೇಲೆ ಒಯ್ಯುತ್ತಿದ್ದೀರಿ.

ದೇವರ ಕೋಣೆಯೇ ಯಾಕೆ? ಬಾಗಿಲಲ್ಲಿ ಕಾಲೊರೆಸಲು ಗೋಣಿ ಹಾಕಿರುತ್ತೀರಿ ಅನ್ನುವುದು ನನ್ನ ಊಹೆ. ಮರಿಗಳಿಗೆ ಹೀರಿಕೊಳ್ಳುವ, ಮೆತ್ತನೆಯ ಜಾಗ ಇಷ್ಟ. ಆಷಾಢದ ಮಳೆಗೆ ಅದು ಒಣಗುವುದೂ ಇಲ್ಲ, ವಾಸನೆ ಹೋಗುವುದೂ ಇಲ್ಲ. ಫಿನಾಯಿಲ್ ಹಾಕಿದರೆ ನಮ್ಮ ಮೂಗಿಗೆ ಹೋದ ಹಾಗೆ ಕಾಣುತ್ತದೆ, ನಾಯಿಯ ಮೂಗಿಗೆ ಅಲ್ಲ. ನಾಯಿ ಸಾಮಾನಿನ ಅಂಗಡಿಯಲ್ಲಿ ಎಂಜೈಮ್ ಇರುವ ಕ್ಲೀನರ್ ಸಿಗುತ್ತದೆ, ಅದನ್ನು ತನ್ನಿ. ಕೆಂಪು ಕಾವಿ ನೆಲವಾದರೆ ವಿನೆಗರ್ ಬೇಡ, ಹೊಳಪು ಹೋದೀತು.

ಆ ಗೋಣಿಯನ್ನು ಬಿಸಾಡಬೇಡಿ. ಹಿತ್ತಲ ಬದಿಯಲ್ಲಿ, ಮಾಡಿನ ಕೆಳಗೆ ಮಳೆ ಬೀಳದ ಕಡೆ ಹಾಸಿ. ಪ್ರತಿ ಸಲ ಬೊಳ್ಳುವನ್ನು ಹಗ್ಗ ಹಾಕಿ ಅಲ್ಲಿಗೇ ಕರೆದುಕೊಂಡು ಹೋಗಿ. ಐದು ನಿಮಿಷ ಮಾತಾಡದೆ ನಿಲ್ಲಿ. ಮಾಡದಿದ್ದರೆ ಒಳಗೆ ತನ್ನಿ, ಆದರೆ ಹಗ್ಗ ಕೈಯಲ್ಲೇ ಇರಲಿ. ಹತ್ತು ನಿಮಿಷ ಬಿಟ್ಟು ಪುನಃ. ಮಾಡಿದ ಕೂಡಲೇ ಅಲ್ಲೇ, ಆ ಕ್ಷಣದಲ್ಲೇ ಚೂರು ನೀರುದೋಸೆ ಕೊಡಿ. ಒಳಗೆ ಬಂದು ಕೊಟ್ಟರೆ ಒಳಗೆ ಬಂದದ್ದಕ್ಕೆ ಸಿಕ್ಕಿತು ಅಂದುಕೊಳ್ಳುತ್ತದೆ. (ಒಣದ್ರಾಕ್ಷಿ, ಈರುಳ್ಳಿ ಮಾತ್ರ ಬೇಡವೇ ಬೇಡ, ನಾಯಿಗೆ ವಿಷ.) ಪೇಪರ್ ಹಾಸುವ ಉಪಾಯವೂ ಬೇಡ ಮಾರಾಯ್ತಿ. ನಮ್ಮಲ್ಲಿ ಹಾಗೆ ಕಲಿಸಿ, ಬೆಳಿಗ್ಗೆ ಜಗಲಿಗೆ ಬಿದ್ದ ಪೇಪರನ್ನು ಯಾರೂ ಓದುವ ಹಾಗಿರಲಿಲ್ಲ.

ಹಗಲಿಗೆ ಅತ್ತೆ ಒಪ್ಪಬೇಕು. ಅಪ್ಪಣೆ ಕೊಟ್ಟರೆ ಒಪ್ಪಲಿಕ್ಕಿಲ್ಲ. ದೇವರ ಕೋಣೆಗೆ ಇವತ್ತೇ ಒಂದು ಹಲಗೆ ಅಡ್ಡ ಇಡಿ. ಅವರ ಸಿಟ್ಟಿಗೆ ಕಾರಣ ಇದೆ, ದಿನಕ್ಕೆ ಏಳೆಂಟು ಸಲ ಒರೆಸಿದರೆ ಯಾರಿಗಾದರೂ ಬರುತ್ತದೆ. ಆಮೇಲೆ ‘ಅತ್ತೆ, ಅದು ಯಾವ ಹೊತ್ತಿಗೆ ಮಾಡುವುದು?’ ಅಂತ ಕೇಳಿ ನೋಡಿ. ಉತ್ತರ ಉದ್ದ ಇದ್ದೀತು, ಪೂರ್ತಿ ಕೇಳಿ.

ಗಂಡನನ್ನು ಕಂಡಾಗ ಹೊಯ್ಯುವುದು ಬೇರೆ ಕತೆ. ಅದು ಹೆದರಿಕೆಯ ಉಚ್ಚೆ, ‘ನಾನು ಚಿಕ್ಕವ, ಬಿಟ್ಟುಬಿಡಿ’ ಅನ್ನುವುದು. ಬೈದಷ್ಟೂ ಜಾಸ್ತಿಯಾಗುತ್ತದೆ. ಹೊಡೆಯುವುದು ಇವತ್ತಿಗೆ ನಿಲ್ಲಲಿ. ಬಂದ ಕೂಡಲೇ ಅದನ್ನು ಮಾತಾಡಿಸದೆ ಕಾಲು ತೊಳೆದು ಕಾಫಿ ಕುಡಿಯಲಿ. ಬೊಳ್ಳು ತಾನಾಗಿ ಬಂದಾಗ ಮೇಲಿಂದ ಬಗ್ಗದೆ, ಪಕ್ಕಕ್ಕೆ ಕುಕ್ಕರುಗಾಲಲ್ಲಿ ಕೂತು ಎದೆ ಸವರಲಿ.

ಪದೇ ಪದೇ ಚೂರು ಚೂರೇ ಹೊಯ್ದರೆ, ತಿಣುಕಿದರೆ, ಕೆಂಪು ಕಂಡರೆ ಪಶುವೈದ್ಯರಲ್ಲಿಗೆ ಹೋಗಿ. ಇಲಿಜ್ವರದ ಲಸಿಕೆಯನ್ನೂ ಕೇಳಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಅದು ನಾಯಿಗೂ ಬರುತ್ತದೆ, ನಾಯಿಯ ಉಚ್ಚೆಯಿಂದ ನಮಗೂ ಬರಬಹುದು. ಒರೆಸುವಾಗ ಗ್ಲೌಸ್ ಇರಲಿ, ಮಗಳಿಗೆ ಆ ಕೆಲಸ ಬೇಡ. ಲಸಿಕೆಗಳೆಲ್ಲ ಮುಗಿಯುವವರೆಗೆ ಬೀದಿಗೆ ಬಿಡಬೇಡಿ, ಹಿತ್ತಲು ಸಾಕು.

ರಾತ್ರಿ ನಿಮ್ಮ ಮಂಚದ ಹತ್ತಿರವೇ ಬುಟ್ಟಿಯಲ್ಲಿ ಮಲಗಿಸಿ, ನಡುರಾತ್ರಿ ಒಮ್ಮೆ ಕೊಡೆ ಹಿಡಿದು ಏಳಿ. ಕೆಲವು ವಾರ ಅಷ್ಟೆ. ಕೊಟ್ಟುಬಿಡುವ ಮಾತು ದೀಪಾವಳಿ ತನಕ ತೆಗೆಯಬೇಡಿ. ಆಗಲೂ ಹೀಗೇ ಇದ್ದರೆ ಇನ್ನೊಮ್ಮೆ ಬರೆಯಿರಿ. ಅತ್ತೆ ಏನಂದರು ಅಂತಲೂ ಬರೆಯಿರಿ.