ಮಾತ್ರೆ ಹಂಚುವ ದಿನ ಕ್ಯೂ ಎಲ್ಲಿ ನಿಲ್ಲುತ್ತದೆ?

ಪ್ರಶ್ನೆ: ಆಂಥ್ರಾಕ್ಸ್ ಅನ್ನೋ ಮಾರಕ ಬ್ಯಾಕ್ಟೀರಿಯಾ ರೋಗದಂಥ ತುರ್ತಿನಲ್ಲಿ ಶಾಲೆ, ಸಮುದಾಯ ಭವನಗಳಲ್ಲಿ ಎಲ್ಲರಿಗೂ ರೋಗ ತಡೆಯುವ ಮಾತ್ರೆ ಹಂಚುತ್ತಾರಂತೆ. ಸ್ವಯಂಸೇವಕನಾಗಿ ಹೆಸರು ಕೊಟ್ಟಿದ್ದೇನೆ. ಅಷ್ಟು ಜನರನ್ನೂ ಡಾಕ್ಟರು ನೋಡೋಕೆ ಆಗುತ್ತಾ?

ಉತ್ತರ: ಆಗಲ್ಲ, ಬೇಕಾಗಿಯೂ ಇಲ್ಲ. 48 ಗಂಟೆಯೊಳಗೆ ಎಲ್ಲರಿಗೂ ಮಾತ್ರೆ ತಲುಪಿಸುವುದು ಗುರಿ, ಹಾಗಾಗಿ ಕಾಯಿಲೆ ಲಕ್ಷಣ ಇರುವವರನ್ನು ಬಾಗಿಲಲ್ಲೇ ಬೇರೆ ಮಾಡಿ ಆಸ್ಪತ್ರೆಗೆ ಕಳಿಸಿ, ಉಳಿದವರಿಗೆ ಚಿಕ್ಕ ಫಾರಂ ಕೊಡುತ್ತಾರೆ. ಕ್ಯೂ ನಿಲ್ಲುವುದೇ ಅಲ್ಲಿ! ಪೆನ್ ಇರಲ್ಲ, ಮಗುವಿನ ತೂಕ ನೆನಪಿರಲ್ಲ. ಅಲರ್ಜಿ ಇದೆಯಾ, ಬಸುರಿಯಾ, ಬೇರೆ ಯಾವ ಮಾತ್ರೆ ತಗೋತೀರಿ ಅಂತ ಸಾಲಿನಲ್ಲೇ ಬರೆಸಿಬಿಡಿ. ಅನುಮಾನ ಬಂದ ಫಾರಂ ಮಾತ್ರ ಡಾಕ್ಟರ ಹತ್ತಿರ ಹೋಗಲಿ. ಮನೆಗೊಬ್ಬರೇ ಬಂದು ಎಲ್ಲರದ್ದೂ ಒಯ್ಯುವಂತಿದ್ದರೆ ನೂಕುನುಗ್ಗಲು ಎಷ್ಟೋ ಕಡಿಮೆ. ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯೋಟಿಕ್ ಕೊಟ್ಟರೆ, ಲೋಟ ತುಂಬ ನೀರಿನ ಜೊತೆ ನುಂಗಿ, ತಕ್ಷಣ ಮಲಗಬೇಡಿ ಅನ್ನಿ. ಕೋರ್ಸ್ 60 ದಿನದ್ದು, ಮೊದಲ ಪೊಟ್ಟಣ ಸಾಮಾನ್ಯವಾಗಿ 10 ದಿನದ್ದಷ್ಟೇ. ಉಳಿದದ್ದಕ್ಕೆ ಮತ್ತೆ ಬರಬೇಕು ಅಂತ ಪೊಟ್ಟಣದ ಮೇಲೇ ದಪ್ಪಕ್ಷರದಲ್ಲಿ ಬರೆದುಕೊಡಿ.