ಕ್ರಿಸ್‌ಮಸ್ ರಜೆ ಮುಗಿದ ಮೇಲೆ ಮನೆಪಾಠವನ್ನು ಮತ್ತೆ ಹಳಿಗೆ ತರುವುದು ಹೇಗೆ?

ಮಂಡ್ಯದಿಂದ ಈ ಪ್ರಶ್ನೆ ಕೇಳಿರುವ ಸಹೋದರಿಗೆ ವಂದನೆಗಳು. 10 ವರ್ಷದ ಮಗನಿಗೂ 6 ವರ್ಷದ ಮಗಳಿಗೂ ನೀವೇ ಮನೆಯಲ್ಲಿ ಪಾಠ ಹೇಳಿಕೊಡುತ್ತಿದ್ದೀರಿ. ಡಿಸೆಂಬರ್ 18ರಂದು ನಿಂತ ಪಾಠ ಜನವರಿ ಮೊದಲ ವಾರ ಕಳೆದರೂ ಮತ್ತೆ ಹಿಡಿತಕ್ಕೆ ಬಂದಿಲ್ಲ, ಮಗ ಮಗ್ಗಿಯನ್ನೇ ಮರೆತಂತಿದ್ದಾನೆ, ಮಗಳು ಪೆನ್ಸಿಲ್ ಮುಟ್ಟುವುದಿಲ್ಲ, ಮುಂದಿನ ವಾರ ಸಂಕ್ರಾಂತಿ ಬೇರೆ ಬಂತು, ಕಳೆದುಹೋದ ದಿನಗಳನ್ನು ತುಂಬಿಸಿಕೊಂಡು ಎಲ್ಲಿಂದ ಆರಂಭಿಸಬೇಕು ಎಂದು ಕೇಳಿದ್ದೀರಿ. ನಾವು ಮೈಸೂರಿನಲ್ಲಿ ಆರು ವರ್ಷಗಳಿಂದ ನಮ್ಮ ಮೂವರು ಮಕ್ಕಳಿಗೆ ಮನೆಯಲ್ಲೇ ಕಲಿಸುತ್ತಿದ್ದೇವೆ. ಪ್ರತಿ ಜನವರಿಯಲ್ಲೂ ಇದೇ ಇಕ್ಕಟ್ಟನ್ನು ಕಂಡಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಕಳೆದುಹೋದ ದಿನಗಳನ್ನು ತುಂಬಿಸಿಕೊಳ್ಳಲು ದಯವಿಟ್ಟು ಹೋಗಬೇಡಿ. ಇದನ್ನು ನಾನು ಪೆಟ್ಟು ತಿಂದು ಕಲಿತಿದ್ದೇನೆ. ಮೊದಲ ವರ್ಷ ನಾನು ಜನವರಿ 2ರಂದೇ ಪೂರ್ತಿ ವೇಳಾಪಟ್ಟಿಯನ್ನು ಗೋಡೆಗೆ ಅಂಟಿಸಿ, ಬಿಟ್ಟುಹೋದ ಹನ್ನೆರಡು ದಿನಗಳ ಪಾಠವನ್ನು ದಿನಕ್ಕೆ ಇಷ್ಟಿಷ್ಟು ಎಂದು ಹಂಚಿ, ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಯವರೆಗೆ ಮಕ್ಕಳನ್ನು ಕೂರಿಸಿದೆ. ನಾಲ್ಕನೆಯ ದಿನ ಹಿರಿಯ ಮಗ ಏಳು ಎಂಟಲಿ ಎಷ್ಟು ಎಂಬಲ್ಲಿ ನಿಂತುಬಿಟ್ಟ. ಡಿಸೆಂಬರ್‌ನಲ್ಲಿ ನಿದ್ದೆಗಣ್ಣಿನಲ್ಲೂ ಹೇಳುತ್ತಿದ್ದ ಲೆಕ್ಕ ಅದು. ನಾನು ಮೂರನೆಯ ಸಲ ಕೇಳಿದಾಗ ಪುಸ್ತಕದ ಮೇಲೆ ತಲೆಯಿಟ್ಟು ಶಬ್ದವಿಲ್ಲದೆ ಅಳತೊಡಗಿದ. ಅವನ ಕಣ್ಣೀರಿಗೆ ಒದ್ದೆಯಾಗಿ ಉಬ್ಬಿಕೊಂಡ ಆ ಪುಟವನ್ನು ನಾನು ಇಂದಿಗೂ ತೆಗೆದಿಟ್ಟಿದ್ದೇನೆ. ಅಂದು ರಾತ್ರಿ ವೇಳಾಪಟ್ಟಿಯನ್ನು ಗೋಡೆಯಿಂದ ಕಿತ್ತೆ.

ಆ ವಾರ ನಮ್ಮ ಕುಟುಂಬ ಪ್ರಾರ್ಥನೆಯಲ್ಲಿ ಬೈಬಲಿನ ಎಜ್ರನ ಗ್ರಂಥವನ್ನು ಓದುತ್ತಿದ್ದೆವು. ಬಾಬೆಲಿನ ಸೆರೆಯಿಂದ ಯೆರೂಸಲೇಮಿಗೆ ಮರಳಿದ ಜನರು ಮೊದಲು ಕಟ್ಟಿದ್ದು ಗೋಡೆಯನ್ನಲ್ಲ, ದೇವಾಲಯವನ್ನೂ ಅಲ್ಲ. ಏಳನೆಯ ತಿಂಗಳಲ್ಲಿ ಹಳೆಯ ಸ್ಥಳದಲ್ಲೇ ಯಜ್ಞವೇದಿಯನ್ನು ನಿಲ್ಲಿಸಿ, ಬೆಳಿಗ್ಗೆ ಮತ್ತು ಸಂಜೆಯ ಯಜ್ಞಗಳನ್ನು ಆರಂಭಿಸಿದರು. ದೇವಾಲಯದ ಅಸ್ತಿವಾರ ಇನ್ನೂ ಹಾಕಿರಲಿಲ್ಲ ಎಂಬುದನ್ನು ಮೂರನೆಯ ಅಧ್ಯಾಯವೇ ಒತ್ತಿ ಹೇಳುತ್ತದೆ. ಅಸ್ತಿವಾರ ಬಿದ್ದದ್ದು ಮುಂದಿನ ವರ್ಷದ ಎರಡನೆಯ ತಿಂಗಳಲ್ಲಿ, ಆಗಲೂ ಹಿಂದಿನ ದೇವಾಲಯವನ್ನು ಕಣ್ಣಾರೆ ಕಂಡಿದ್ದ ಮುದುಕರು ಹೊಸದನ್ನು ನೋಡಿ ಗಟ್ಟಿಯಾಗಿ ಅತ್ತರು. ನಾನು ಅಂದಿನವರೆಗೆ ಆ ಅಧ್ಯಾಯವನ್ನು ಎಷ್ಟೋ ಸಲ ಓದಿದ್ದರೂ, ನಿಂತುಹೋದ ಕೆಲಸವನ್ನು ಮತ್ತೆ ಹಿಡಿಯುವವರಿಗೆ ಅದರಲ್ಲಿ ಒಂದು ಕ್ರಮವಿದೆ ಎಂದು ತಿಳಿದಿರಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ರಜೆಯ ನಂತರ ಮೊದಲು ಮರಳುವುದು ಬೆಳಗಿನ ಪ್ರಾರ್ಥನೆ, ಉಳಿದದ್ದೆಲ್ಲ ಅದರ ಹಿಂದೆ ಒಂದೊಂದಾಗಿ ಬರುತ್ತದೆ. ನವೆಂಬರ್‌ನಲ್ಲಿ ಎಷ್ಟು ಚೆನ್ನಾಗಿ ನಡೆಯುತ್ತಿತ್ತು ಎಂದು ಹೋಲಿಸಿ ಕೊರಗುವುದನ್ನೂ ಬಿಟ್ಟಿದ್ದೇನೆ.

ಮೊದಲ ವಾರಕ್ಕೆ ಬೆಳಗಿನ ಒಂದು ಗಂಟೆಯನ್ನು ಮಾತ್ರ ಹಿಡಿಯಿರಿ. ಒಂದು ಹಾಡು, ವಾಕ್ಯದ ಓದು, ಚಿಕ್ಕ ಪ್ರಾರ್ಥನೆ, ಆಮೇಲೆ ನೀವು ಗಟ್ಟಿಯಾಗಿ ಓದಿ ಹೇಳುವ ಒಂದು ಕಥೆ, ಕೊನೆಗೆ ಇಪ್ಪತ್ತು ನಿಮಿಷ ಲೆಕ್ಕ. ಅಷ್ಟು ಸಾಕು. ವಾಕ್ಯಕ್ಕೆ ಬೈಬಲಿನ ಜ್ಞಾನೋಕ್ತಿಗಳ ಗ್ರಂಥವನ್ನು ತೆಗೆದುಕೊಳ್ಳುವುದು ಜನವರಿಗೆ ಬಹಳ ಅನುಕೂಲ. ಅದರಲ್ಲಿ 31 ಅಧ್ಯಾಯಗಳಿವೆ, ಜನವರಿಗೆ 31 ದಿನಗಳಿವೆ. ಇಂದು 8ನೇ ತಾರೀಖಾದರೆ 8ನೆಯ ಅಧ್ಯಾಯದಿಂದಲೇ ಆರಂಭಿಸಿ. ಹಿಂದಿನ ಏಳು ಅಧ್ಯಾಯಗಳು ಬಾಕಿ ಉಳಿದವೆಂಬ ಲೆಕ್ಕವೇ ಅಲ್ಲಿಲ್ಲ, ನಡುವೆ ಒಂದು ದಿನ ತಪ್ಪಿದರೂ ಮರುದಿನ ಆ ದಿನದ ತಾರೀಖೇ ದಾರಿ ತೋರಿಸುತ್ತದೆ. ಮಗ ಹತ್ತು ವಾಕ್ಯ ಓದಲಿ, ಮಗಳಿಗೆ ಒಂದೇ ವಾಕ್ಯವನ್ನು ನೀವು ಹೇಳಿಕೊಡಿ. ಹೊಸ ವರ್ಷದ ಹಿಂದಿನ ರಾತ್ರಿಯ ಆರಾಧನೆಯಲ್ಲಿ ನಿಮ್ಮ ಕುಟುಂಬಕ್ಕೂ ಚೀಟಿಯಲ್ಲಿ ಒಂದು ವಾಗ್ದಾನದ ವಾಕ್ಯ ಬಂದಿರಬಹುದು. ಆ ಚೀಟಿ ಸಾಮಾನ್ಯವಾಗಿ ಬೈಬಲಿನ ನಡುವೆ ಸೇರಿ ಮರೆತೇ ಹೋಗುತ್ತದೆ. ಅದನ್ನು ಹೊರತೆಗೆದು ಈ ವರ್ಷದ ಮೊದಲ ಕಂಠಪಾಠವಾಗಿಯೂ ಮಗನ ಮೊದಲ ಕಾಪಿ ಬರವಣಿಗೆಯಾಗಿಯೂ ಮಾಡಿ. ಪಠ್ಯಪುಸ್ತಕದ ಯಾವ ವಾಕ್ಯಕ್ಕಿಂತಲೂ ಅದನ್ನು ಮಕ್ಕಳು ತಮ್ಮದೆಂದು ಎಚ್ಚರಿಕೆಯಿಂದ ಬರೆಯುತ್ತಾರೆ.

ಪಾಠ ಆರಂಭಿಸುವ ಮುನ್ನಾದಿನ ಮನೆಯಲ್ಲಿ ರಜೆಯ ಗುರುತುಗಳನ್ನು ತೆಗೆಯುವುದೂ ಮುಖ್ಯವೆಂದು ನನಗೆ ಅನಿಸುತ್ತದೆ. ಜನವರಿ 6 ಪ್ರಕಟನೆಯ ಹಬ್ಬ, ಜೋಯಿಸರು ನಕ್ಷತ್ರವನ್ನು ಕಂಡು ಶಿಶು ಯೇಸುವನ್ನು ನೋಡಲು ಬಂದದ್ದನ್ನು ಸ್ಮರಿಸುವ ದಿನ. ನಾವು ಅಂದು ಮತ್ತಾಯನ ಎರಡನೆಯ ಅಧ್ಯಾಯವನ್ನು ಓದಿ, ಬಾಗಿಲ ಮುಂದಿನ ಕಾಗದದ ನಕ್ಷತ್ರವನ್ನು ಮಕ್ಕಳ ಕೈಯಿಂದಲೇ ಇಳಿಸುತ್ತೇವೆ. ಬಲ್ಬನ್ನು ಬಿಚ್ಚಿ, ನಕ್ಷತ್ರದ ಐದು ಕೊಂಬುಗಳನ್ನು ಹಳೆಯ ಮಡಿಕೆಯ ಗೆರೆಯಲ್ಲೇ ಒಳಗೆ ಮಡಚಿ, ಗಾಜಿನ ಗುಂಡುಗಳನ್ನು ಒಂದೊಂದಾಗಿ ವೃತ್ತಪತ್ರಿಕೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕುವಷ್ಟರಲ್ಲಿ, ಹಬ್ಬ ಮುಗಿಯಿತು ಎಂದು ನಾನು ಬಾಯಿಬಿಟ್ಟು ಹೇಳುವ ಅಗತ್ಯವೇ ಇರುವುದಿಲ್ಲ. ಕಜ್ಜಾಯ, ಚಕ್ಕುಲಿಯ ಡಬ್ಬಿಗಳನ್ನು ಊಟದ ಮೇಜಿನಿಂದ ಎತ್ತಿಡಿ, ಅದೇ ಮೇಜು ನಾಳೆ ಪಾಠದ ಮೇಜಲ್ಲವೇ? ನಿಮ್ಮಲ್ಲಿ 6ನೇ ತಾರೀಖು ದಾಟಿದ್ದರೂ ಚಿಂತೆಯಿಲ್ಲ, ಈ ಶನಿವಾರ ಮಾಡಿದರೂ ಆಯಿತು. ಕ್ಯಾರಲ್ ತಿರುಗಾಟದಲ್ಲಿ ಕೆಟ್ಟ ನಿದ್ದೆಯನ್ನು ಮಾತ್ರ ಒಂದೇ ದಿನದಲ್ಲಿ ಸರಿಪಡಿಸಲು ಆಗುವುದಿಲ್ಲ. ದಿನಕ್ಕೆ ಹದಿನೈದು ನಿಮಿಷದಂತೆ ಮಲಗುವ ಹೊತ್ತನ್ನು ಹಿಂದಕ್ಕೆ ತನ್ನಿ, ಒಂದು ವಾರಕ್ಕೆ ಒಂದೂಮುಕ್ಕಾಲು ಗಂಟೆ ಸರಿಯುತ್ತದೆ.

ಮಗ ಮಗ್ಗಿ ಮರೆತದ್ದರ ಬಗ್ಗೆ ನೀವು ತುಂಬ ನೊಂದುಕೊಂಡಿರುವುದು ನಿಮ್ಮ ಬರವಣಿಗೆಯಲ್ಲೇ ಕಾಣುತ್ತದೆ. ಆದರೆ ಆ ಕಲಿಕೆ ಪೂರ್ತಿ ಅಳಿಸಿಹೋಗಿರುವುದಿಲ್ಲ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸರು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಮರೆತು, ಮತ್ತೆ ಕಲಿತು, ಆ ಪ್ರಯೋಗಗಳನ್ನು 1885ರಲ್ಲಿ ಪ್ರಕಟಿಸಿದರು. ಮರೆತೇಹೋಯಿತೆಂದು ತೋರುವುದನ್ನು ಎರಡನೆಯ ಸಲ ಕಲಿಯಲು ಮೊದಲಿಗಿಂತ ಕಡಿಮೆ ಸಮಯ ಸಾಕಾಗುತ್ತದೆ ಎಂಬುದು ಅವರು ಕಂಡುಕೊಂಡ ಸಂಗತಿ. ಆದುದರಿಂದ ಹೊಸ ಪಾಠವನ್ನು ಮುಟ್ಟದೆ, ಅಕ್ಟೋಬರ್‌ನಲ್ಲಿ ಅವನು ಸಲೀಸಾಗಿ ಮಾಡುತ್ತಿದ್ದ ಪುಟಕ್ಕೆ ಹೋಗಿ, ದಿನಕ್ಕೆ ಆರೇ ಲೆಕ್ಕ ಕೊಡಿ. ಐದಾರು ದಿನಗಳಲ್ಲಿ ಮಗ್ಗಿ ತಾನಾಗಿ ನಾಲಗೆಗೆ ಬರುವುದನ್ನು ನೀವು ನೋಡುತ್ತೀರಿ. ತಪ್ಪಾದ ಕಡೆ ಅವನ ಮುಂದೆ ನಿಟ್ಟುಸಿರು ಬಿಡಬೇಡಿ ಎಂಬುದೊಂದೇ ನನ್ನ ವಿನಂತಿ. ನನ್ನ ಮಗ ಅಂದು ಅತ್ತದ್ದು ಲೆಕ್ಕಕ್ಕಲ್ಲ, ನನ್ನ ಮುಖ ನೋಡಿ.

ಸಂಕ್ರಾಂತಿಯನ್ನು ಅಡ್ಡಿಯೆಂದು ಎಣಿಸಬೇಡಿ. ನಾವು ಆ ಹಬ್ಬವನ್ನು ಆಚರಿಸದಿದ್ದರೂ ಅಕ್ಕಪಕ್ಕದವರು ಎಳ್ಳು ಬೀರಲು ಬರುತ್ತಾರೆ, ಬೀದಿಯಲ್ಲಿ ಎತ್ತುಗಳನ್ನು ಕಿಚ್ಚು ಹಾಯಿಸುತ್ತಾರೆ, ಮಕ್ಕಳ ಮನಸ್ಸು ಮೇಜಿನ ಮುಂದೆ ನಿಲ್ಲುವುದಿಲ್ಲ. ಆ ಎರಡು ದಿನ ಬೆಳಗಿನ ಪ್ರಾರ್ಥನೆಯನ್ನು ಮಾತ್ರ ಉಳಿಸಿಕೊಂಡು ಮಕ್ಕಳನ್ನು ಹೊರಗೆ ಕರೆದೊಯ್ಯಿರಿ. ನೀವಿರುವುದು ಮಂಡ್ಯದಲ್ಲಿ, ನಮಗಿಲ್ಲದ ಭಾಗ್ಯ ಅದು. ಪರಿಚಯದವರ ಆಲೆಮನೆಯೊಂದಕ್ಕೆ ಹೋದರೆ ಅರ್ಧ ದಿನದ ಪಾಠ ಅಲ್ಲಿಯೇ ಇದೆ. ಗಾಣದಲ್ಲಿ ಹಿಂಡಿದ ಕಬ್ಬಿನ ಹಾಲು ಕೊಪ್ಪರಿಗೆಗೆ ಬೀಳುವುದು, ಕುದಿಯುವಾಗ ಮೇಲೆ ಬರುವ ಕಲ್ಮಶವನ್ನು ತೆಗೆಯುವುದು, ಹಾಲು ಪಾಕವಾಗಿ ಅಚ್ಚಿಗೆ ಇಳಿಯುವುದು, ರಸ ಹಿಂಡಿದ ಸಿಪ್ಪೆಯೇ ಒಣಗಿ ಅದೇ ಒಲೆಗೆ ಉರುವಲಾಗುವುದು, ಇವನ್ನೆಲ್ಲ ಮಗ ಒಮ್ಮೆ ಕಣ್ಣಾರೆ ಕಂಡರೆ ಆವಿಯಾಗುವಿಕೆಯ ಪಾಠವನ್ನು ನೀವು ಮತ್ತೆ ವಿವರಿಸಬೇಕಾಗಿಲ್ಲ. 1 ಟನ್ ಕಬ್ಬಿಗೆ ಸುಮಾರು 100 ಕಿಲೋ ಬೆಲ್ಲ ಎಂಬ ಅಂದಾಜನ್ನು ಹೇಳಿ, ಮನೆಯಲ್ಲಿರುವ ಒಂದು ಕಿಲೋ ಅಚ್ಚಿಗೆ ಎಷ್ಟು ಕಬ್ಬು ಬೇಕಾಯಿತು ಎಂದು ಕೇಳಿ. ಮೈಸೂರಿಗೆ ಬಂದಾಗ ಅವನ ಉತ್ತರವನ್ನು ನನಗೂ ಹೇಳಲಿ.

ಇನ್ನೊಂದು ದಿನ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಿ ಬನ್ನಿ. ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಊರೊಳಗಿನ ಮರಗಳ ಮೇಲೆ, ಮನೆಗಳ ನೆತ್ತಿಯಲ್ಲೇ ಗೂಡು ಕಟ್ಟುವ ಕಾಲ ಇದು. ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ಊರಿನವರು ಆ ಹಕ್ಕಿಗಳನ್ನು ಭಾವಿಸುತ್ತಾರೆ. ಆಕಾಶದ ಕೊಕ್ಕರೆಗೂ ತನ್ನ ನಿಯಮಿತ ಕಾಲ ತಿಳಿದಿದೆ ಎಂಬ ಅರ್ಥದ ಮಾತು ಯೆರೆಮೀಯನ ಎಂಟನೆಯ ಅಧ್ಯಾಯದಲ್ಲಿ ಬರುತ್ತದೆ. ಅದನ್ನು ಆ ಮರದ ಕೆಳಗೆ ನಿಂತು ಓದಿದರೆ ಮಕ್ಕಳಿಗೆ ಬೇರೆ ವ್ಯಾಖ್ಯಾನ ಬೇಕಾಗುವುದಿಲ್ಲ. ಹಿಂದಿರುಗಿ ಬಂದ ಮೇಲೆ ಕಂಡದ್ದನ್ನು ಮಗ ಬಾಯಲ್ಲಿ ಹೇಳಲಿ, ನೀವು ಬರೆದುಕೊಳ್ಳಿ. ಕೇಳಿದ್ದನ್ನೂ ಕಂಡದ್ದನ್ನೂ ಮಗು ತನ್ನ ಮಾತಿನಲ್ಲಿ ತಿರುಗಿ ಹೇಳುವ ಈ ಪದ್ಧತಿಯನ್ನೂ ಚಿಕ್ಕ ಚಿಕ್ಕ ಪಾಠಗಳ ಪದ್ಧತಿಯನ್ನೂ ಇಂಗ್ಲೆಂಡಿನ ಕ್ರೈಸ್ತ ಶಿಕ್ಷಣತಜ್ಞೆ ಷಾರ್ಲೆಟ್ ಮೇಸನ್ (1842–1923) ಬೆಳೆಸಿದರು. ರಜೆ ಮುಗಿದ ವಾರಗಳಿಗೆ ಇದಕ್ಕಿಂತ ಹಗುರವಾದ ದಾರಿಯನ್ನು ನಾನು ಕಂಡಿಲ್ಲ.

ಸಂಕ್ರಾಂತಿಯ ನಂತರದ ವಾರ ಕನ್ನಡ ಮತ್ತು ಇಂಗ್ಲಿಷನ್ನು, ಅದರ ಮುಂದಿನ ವಾರ ವಿಜ್ಞಾನ, ಇತಿಹಾಸಗಳನ್ನು ಸೇರಿಸಿ. ತಿಂಗಳ ಕೊನೆಗೆ ಹಳೆಯ ವೇಳಾಪಟ್ಟಿ ಬಹುಮಟ್ಟಿಗೆ ಮರಳಿರುತ್ತದೆ.

ನೀವು ಅಮೆರಿಕದಿಂದ ತರಿಸಿದ ಕ್ರೈಸ್ತ ಪಠ್ಯಕ್ರಮದಲ್ಲಿ ಈ ಹೊತ್ತಿಗೆ ತೊಂಬತ್ತನೆಯ ಪಾಠ ಮುಗಿದಿರಬೇಕಿತ್ತು ಎಂದು ಬರೆದಿದ್ದೀರಿ. ಅಂಥ ಪುಸ್ತಕಗಳು ಸಾಮಾನ್ಯವಾಗಿ ವರ್ಷಕ್ಕೆ 36 ವಾರ, 180 ಪಾಠದ ದಿನಗಳು ಎಂದು ಹಂಚಿಕೊಂಡು, ಆಗಸ್ಟ್ ಅಥವಾ ಸೆಪ್ಟೆಂಬರ್‌ನಲ್ಲಿ ಆರಂಭವಾಗುವ ಅಲ್ಲಿನ ಶಾಲಾ ವರ್ಷಕ್ಕೆ ಹೊಂದುವಂತೆ ಬರೆಯಲ್ಪಟ್ಟಿರುತ್ತವೆ. ನಮ್ಮ ವರ್ಷ ಜೂನ್ ಹೊತ್ತಿಗೆ ಆರಂಭವಾಗುತ್ತದೆ, ಏಪ್ರಿಲ್–ಮೇ ತಿಂಗಳ ಬಿಸಿಲು ನಮಗೆ ರಜೆ. ಆ ಪಾಠದ ಸಂಖ್ಯೆಯನ್ನು ಕ್ಯಾಲೆಂಡರಿಗೆ ಕಟ್ಟಿಹಾಕದೆ, ಪುಸ್ತಕದಲ್ಲಿ ಎಲ್ಲಿ ನಿಂತಿದ್ದೀರೋ ಅಲ್ಲಿಂದಲೇ ಮುಂದುವರಿಯಿರಿ. ಪರೀಕ್ಷೆಯ ಭಯವಿದ್ದರೆ ಅದಕ್ಕೂ ಅವಸರವಿಲ್ಲ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಹತ್ತನೆಯ ತರಗತಿ ಮಟ್ಟದ ಪ್ರವೇಶಕ್ಕೆ ಕನಿಷ್ಠ 14 ವರ್ಷ ತುಂಬಿರಬೇಕು, ಸಾರ್ವಜನಿಕ ಪರೀಕ್ಷೆಗಳನ್ನು ವರ್ಷಕ್ಕೆ ಎರಡು ಬಾರಿ ನಡೆಸುತ್ತಾರೆ. ನಿಮ್ಮ ಮಗನಿಗೆ ಇನ್ನೂ ನಾಲ್ಕು ವರ್ಷ ಸಮಯವಿದೆ. ಮೂರು ವಾರದ ರಜೆ ಅದರಲ್ಲಿ ದೊಡ್ಡ ನಷ್ಟವಲ್ಲ.

ಕೊನೆಯದಾಗಿ ಪೆನ್ಸಿಲ್ ಮುಟ್ಟದ ನಿಮ್ಮ ಮಗಳ ವಿಷಯ. ಆರು ವರ್ಷದ ಮಗುವಿನ ಬೆರಳುಗಳಿಗೆ ರಜೆಯ ನಂತರ ಪೆನ್ಸಿಲ್ ಭಾರವೇ ಆಗುತ್ತದೆ, ಬಲವಂತ ಮಾಡಿದಷ್ಟೂ ಕೈ ಬಿಗಿಯುತ್ತದೆ. ಅಗಲವಾದ ಸ್ಟೀಲ್ ತಟ್ಟೆಯಲ್ಲಿ ಎರಡು ಹಿಡಿ ರಾಗಿಯನ್ನು ಹರಡಿ, ದಿನಕ್ಕೊಂದು ಪದವನ್ನು ತೋರುಬೆರಳಿನಿಂದ ತಿದ್ದಿಸಿ. ತಟ್ಟೆಯನ್ನು ಸ್ವಲ್ಪ ಅಲುಗಾಡಿಸಿದರೆ ತಪ್ಪು ಅಳಿಸಿಹೋಗುತ್ತದೆ, ರಬ್ಬರ್ ಬೇಕಿಲ್ಲ, ಬೈಗುಳವೂ ಬೇಕಿಲ್ಲ. ನನ್ನ ಕಿರಿಯ ಮಗಳು ಹೋದ ಜನವರಿಯಲ್ಲಿ ಎಂಟು ದಿನ ಹೀಗೆ ರಾಗಿಯಲ್ಲೇ ಬರೆದಳು. ಒಂಬತ್ತನೆಯ ದಿನ ಬೆಳಿಗ್ಗೆ, ಪ್ರಾರ್ಥನೆ ಮುಗಿಯುವಷ್ಟರಲ್ಲಿ, ಯಾರೂ ಹೇಳದೆಯೇ ಪೆನ್ಸಿಲ್ ಕೇಳಿ ಇಸಿದುಕೊಂಡು, ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ‘ಅಜ್ಜಿ’ ಎಂದು ಬರೆದು ನಮ್ಮ ಅತ್ತೆಯವರಿಗೆ ಕೊಟ್ಟಳು. ಜ ಒತ್ತು ಕೆಳಗೆ ಬರುವ ಬದಲು ಪಕ್ಕದಲ್ಲಿ ಕುಳಿತಿತ್ತು. ಅಂದು ನಾನು ಅದನ್ನು ತಿದ್ದಲಿಲ್ಲ.